ಫೈಬರ್ ಷೇರು ಕೊಳ್ಳುವ ಮುನ್ನ ಸಾಲ ನೋಡಿ

ಅಮೆರಿಕದ ಫೈಬರ್ ಕಂಪನಿಗಳ ಷೇರು ಕೊಳ್ಳಬಹುದೇ ಎಂದು ಗೆಳೆಯರು ಕೇಳುತ್ತಿರುತ್ತಾರೆ. ಕೊಳ್ಳಿ, ಆದರೆ ವೇಗದ ಜಾಹೀರಾತು ನೋಡಿ ಅಲ್ಲ.

ಫೈಬರ್‌ನಲ್ಲಿ ದೊಡ್ಡ ಖರ್ಚು ನೆಲ ಅಗೆದು ಮನೆಮನೆಗೆ ಎಳೆ ತಲುಪಿಸುವುದು. ಅದು ಮುಗಿದ ಮೇಲೆ ಸಾಮರ್ಥ್ಯ ಹೆಚ್ಚಿಸುವುದು ಅಗ್ಗ. ಹಳೆಯ ಜಿ-ಪಾನ್‌ನಲ್ಲಿ ಹಲವು ಮನೆಗಳು ಹಂಚಿಕೊಳ್ಳುವ ಒಂದು ಎಳೆಗೆ ಡೌನ್‌ಲೋಡ್ ಮಿತಿ ಸುಮಾರು 2.5 ಗಿಗಾಬಿಟ್. ಎರಡೂ ತುದಿಯ ಉಪಕರಣ ಬದಲಿಸಿ ಎಕ್ಸ್‌ಜಿಎಸ್-ಪಾನ್ ಹಾಕಿದರೆ ಅದೇ ಎಳೆಯಲ್ಲಿ 10 ಗಿಗಾಬಿಟ್, ಅಪ್‌ಲೋಡಿಗೂ ಅಷ್ಟೇ. ನಿಜವಾದ ಆಸ್ತಿ ನೆಲದೊಳಗಿನ ಗಾಜು.

ಆದರೆ ಆಸ್ತಿ ಚೆನ್ನಾಗಿದ್ದ ಮಾತ್ರಕ್ಕೆ ಷೇರುದಾರ ಉಳಿಯುವುದಿಲ್ಲ. 2016ರಲ್ಲಿ ಫ್ರಾಂಟಿಯರ್ ಕಂಪನಿ ಕ್ಯಾಲಿಫೋರ್ನಿಯಾ, ಟೆಕ್ಸಾಸ್, ಫ್ಲೋರಿಡಾದ ಜಾಲಗಳನ್ನು ವೆರೈಝನ್‌ನಿಂದ 1,000 ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡಿತು. ಸಾಲದ ಭಾರಕ್ಕೆ 2020ರಲ್ಲಿ ದಿವಾಳಿ ಅರ್ಜಿ ಹಾಕಿತು. ಹಳೆಯ ಷೇರುಗಳು ರದ್ದಾದವು. 2021ರಲ್ಲಿ ಸಾಲ ಇಳಿಸಿಕೊಂಡು ಹೊರಬಂದು ಫೈಬರ್ ವಿಸ್ತರಿಸಿತು. 2024ರಲ್ಲಿ ಅದೇ ವೆರೈಝನ್, ಸಾಲವೂ ಸೇರಿ 2,000 ಕೋಟಿ ಡಾಲರಿಗೆ ಅದನ್ನು ಕೊಳ್ಳುವುದಾಗಿ ಘೋಷಿಸಿತು. ಇದರಲ್ಲಿ ಹಳೆಯ ಷೇರುದಾರರಿಗೆ ಬಿಡಿಗಾಸೂ ಇಲ್ಲ.

ಹಾಗಾಗಿ ನಾನು ನೋಡುವುದು ಎರಡೇ ಅಂಕಿ: ಎಳೆ ಹಾದುಹೋದ ಮನೆಗಳಲ್ಲಿ ಎಷ್ಟು ಮನೆ ಹಣ ಕಟ್ಟುತ್ತಿವೆ? ಬಡ್ಡಿ ಕಟ್ಟಿ ಎಷ್ಟು ಉಳಿಯುತ್ತದೆ? ಹಾಸಿಗೆ ಇದ್ದಷ್ಟು ಕಾಲು ಚಾಚುವ ಕಂಪನಿ ಸಿಕ್ಕರೆ, ಗಿಗಾಬಿಟ್ ತಾನಾಗಿ ಬರುತ್ತದೆ.