ಅಂದಿನ ಬಾಲಕ, ಇಂದಿನ ವೃದ್ಧ

ನಾಲ್ಕು ವರ್ಷದ ಬಾಲಕನೊಬ್ಬ ಹೊಳೆಯುವ ಜೀರ್ಜಿಂಬೆಯನ್ನು ಹಿಡಿದು, ನಾಲ್ಕು ಎಲೆಗಳೊಡನೆ ಬೆಂಕಿಪೊಟ್ಟಣದಲ್ಲಿಟ್ಟು ಮುಚ್ಚಿದ. ಬೆಳಗ್ಗೆ ತೆರೆದಾಗ ಅದು ಸತ್ತಿತ್ತು. ಅವನಿಗೆ ನೆನಪಿರುವ ಬಾಲ್ಯದ ಮೊದಲ ಸಂಗತಿಯೇ ಅದು. ಎಪ್ಪತ್ತು ದಾಟಿದ ಆ ಶ್ರಾವಕರು ಇಂದು ಸಂಜೆಯ ಪ್ರತಿಕ್ರಮಣಕ್ಕೆ ಕುಳಿತಾಗ ಆ ಪೊಟ್ಟಣ ಮತ್ತೆ ಕಣ್ಣೆದುರು ತೆರೆದುಕೊಳ್ಳುತ್ತದೆ. ಆ ಬಾಲಕನ ದೇಹ ಈಗಿಲ್ಲ, ದನಿಯಿಲ್ಲ, ಅಂದಿನ ಅರಿಯದ ಬುದ್ಧಿಯೂ ಇಲ್ಲ. ಹಾಗಿರುವಾಗ ಅವನ ತಪ್ಪಿಗೆ ಕ್ಷಮೆ ಬೇಡಬೇಕಾದವರು ಯಾರು?

ಅವನೇ ಬೇರೆ, ಇವರೇ ಬೇರೆ ಎಂದರೆ ಒಬ್ಬ ಮಾಡಿದ ಕರ್ಮದ ಫಲವನ್ನು ಮತ್ತೊಬ್ಬ ಉಂಡಂತಾಗುತ್ತದೆ; ಪ್ರತಿಕ್ರಮಣಕ್ಕೆ ಅರ್ಥವೇ ಉಳಿಯುವುದಿಲ್ಲ. ಕಿಂಚಿತ್ತೂ ಬದಲಾಗದೆ ಅವನೇ ಇವರು ಎಂದರೆ ಪಶ್ಚಾತ್ತಾಪಕ್ಕೂ ಎಡೆಯಿಲ್ಲ, ಮೋಕ್ಷಕ್ಕೂ ದಾರಿಯಿಲ್ಲ. ಈ ಎರಡೂ ಏಕಾಂತಗಳನ್ನು ಜಿನಮತ ಒಪ್ಪುವುದಿಲ್ಲ. ಇರುವ ಪ್ರತಿಯೊಂದು ವಸ್ತುವಿನಲ್ಲೂ ಉತ್ಪಾದ, ವ್ಯಯ, ಧ್ರೌವ್ಯ ಎಂಬ ಮೂರೂ ಏಕಕಾಲದಲ್ಲಿವೆ ಎಂಬುದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ನಿರ್ಣಯ. ಸಮಂತಭದ್ರಾಚಾರ್ಯರು ಇದನ್ನು ಚಿನ್ನದ ದೃಷ್ಟಾಂತದಿಂದ ತಿಳಿಸುತ್ತಾರೆ. ಚಿನ್ನದ ಕಲಶವನ್ನು ಕರಗಿಸಿ ಕಿರೀಟ ಮಾಡಿದರೆ, ಕಲಶ ಬಯಸಿದವನಿಗೆ ಶೋಕ, ಕಿರೀಟ ಬಯಸಿದವನಿಗೆ ಹರ್ಷ, ಚಿನ್ನವನ್ನಷ್ಟೇ ಬಯಸಿದವನಿಗೆ ಮಧ್ಯಸ್ಥಭಾವ. ಬಾಲ್ಯವೂ ವಾರ್ಧಕ್ಯವೂ ಪರ್ಯಾಯಗಳು, ಜೀವವು ದ್ರವ್ಯ.

‘ಅಂದಿನ ಅವನೇ ಇಂದಿನ ನಾನು’ ಎಂಬ ಅರಿವು ಬರಿಯ ಭ್ರಮೆಯಲ್ಲ. ಅಕಲಂಕದೇವರಿಂದ ಬೆಳೆದುಬಂದ ಜೈನ ನ್ಯಾಯಪರಂಪರೆಯು ಸ್ಮೃತಿಯನ್ನೂ ಪ್ರತ್ಯಭಿಜ್ಞಾನವನ್ನೂ ಪರೋಕ್ಷ ಪ್ರಮಾಣಗಳಲ್ಲಿ ಎಣಿಸಿದೆ. ಹಿಂದೆ ಕಂಡದ್ದನ್ನೂ ಈಗ ಕಾಣುತ್ತಿರುವುದನ್ನೂ ಜೋಡಿಸಿ ‘ಅದೇ ಇದು’ ಎನ್ನುವ ಜ್ಞಾನವೇ ಪ್ರತ್ಯಭಿಜ್ಞಾನ.

ಆದರೆ ನೆನಪೇ ಆತ್ಮವಲ್ಲ. ಸ್ಮೃತಿಯು ಮತಿಜ್ಞಾನಕ್ಕೆ ಸೇರಿದ್ದು. ಮತಿಜ್ಞಾನಾವರಣ ಕರ್ಮದ ಕ್ಷಯೋಪಶಮದಂತೆ ಅದು ಹೆಚ್ಚುತ್ತದೆ, ಕುಗ್ಗುತ್ತದೆ. ತೊಟ್ಟಿಲಲ್ಲಿ ಕಳೆದ ದಿನಗಳು ಯಾರಿಗೂ ನೆನಪಿಲ್ಲ. ಆದರೂ ಅಲ್ಲಿ ಮಲಗಿದ್ದ ಜೀವ ಬೇರೆಯಲ್ಲ. ಮುಪ್ಪಿನಲ್ಲಿ ಮರೆವು ಕವಿದು, ಹೆತ್ತ ಮಗನನ್ನೇ ‘ನೀವು ಯಾರು?’ ಎಂದು ಕೇಳುವ ತಾಯಿಯೂ ಹಾಗೆಯೇ. ಮೋಡ ಮುಚ್ಚಿದಾಗ ಸೂರ್ಯ ಇಲ್ಲವಾಗುವುದಿಲ್ಲ. ಜೀವದ ಲಕ್ಷಣ ಉಪಯೋಗ, ಎಂದರೆ ಚೈತನ್ಯದ ಪರಿಣತಿ. ಅದು ಮಸುಕಾಗಬಹುದು, ಅಳಿಯದು. ಆ ತಾಯಿಯ ಮುಂದೆ ಮಗನ ಕರ್ತವ್ಯ ಒಂದಿಷ್ಟೂ ಕಡಿಮೆಯಾಗುವುದಿಲ್ಲ.

ಮರೆತದ್ದು ಜನ್ಮಾಂತರದಲ್ಲೂ ಮರಳಬಹುದೆಂಬುದಕ್ಕೆ ಶ್ರೇಯಾಂಸಕುಮಾರನ ಕಥೆಯೇ ಸಾಕ್ಷಿ. ದೀರ್ಘ ಉಪವಾಸದಲ್ಲಿದ್ದ ಆದಿನಾಥರು ಹಸ್ತಿನಾಪುರಕ್ಕೆ ಬಂದಾಗ, ಆಹಾರದಾನದ ವಿಧಿ ಯಾರಿಗೂ ತಿಳಿದಿರಲಿಲ್ಲ. ಸ್ವಾಮಿಯನ್ನು ಕಂಡೊಡನೆ ಶ್ರೇಯಾಂಸನಿಗೆ ಜಾತಿಸ್ಮರಣೆಯಾಯಿತು. ತಾನು ಶ್ರೀಮತಿಯಾಗಿದ್ದ ಭವದಲ್ಲಿ ವಜ್ರಜಂಘನೊಡನೆ ಮುನಿಗಳಿಗೆ ಆಹಾರವಿತ್ತದ್ದು ನೆನಪಾಗಿ, ಕಬ್ಬಿನ ರಸವನ್ನು ಅರ್ಪಿಸಿದ. ಅಕ್ಷಯತೃತೀಯೆ ಆ ದಾನದ ಸ್ಮರಣೆ. ದೇಹ, ಹೆಸರು, ಲಿಂಗಗಳೆಲ್ಲ ಬದಲಾದರೂ ಜೀವ ಅದೇ. ಮರಳಿದ ನೆನಪು ಅಲ್ಲಿ ಹೆಮ್ಮೆಯಾಗಲಿಲ್ಲ, ದಾನವಾಯಿತು.

ನೆನಪಿಗೆ ಸಲ್ಲುವ ಸಾರ್ಥಕ್ಯ ಅದೇ. ಎಪ್ಪತ್ತು ದಾಟಿದ ಕೈಗಳು ಆ ಪುಟ್ಟ ಜೀವಕ್ಕಾಗಿ ಮುಗಿದಾಗ, ತಪ್ಪೆಸಗಿದ ಜೀವವೇ ಕ್ಷಮೆ ಬೇಡುತ್ತಿದೆ. ಆದರೆ ತಪ್ಪೆಸಗಿದ ಭಾವ ಅಲ್ಲಿ ಉಳಿದಿಲ್ಲ. ಜೀವದ ಧ್ರೌವ್ಯದಿಂದ ಹೊಣೆ, ಪರ್ಯಾಯದ ವ್ಯಯದಿಂದ ಬಿಡುಗಡೆ. ಎರಡೂ ಇರುವುದರಿಂದಲೇ ಧರ್ಮಕ್ಕೆ ಅವಕಾಶವಿದೆ.