ಬೆಂಕಿ ಆರಿದರೂ ಆರದ ಬೇಗೆ



2021ರ ಏಪ್ರಿಲ್-ಮೇ ತಿಂಗಳುಗಳನ್ನು ಶ್ರೀಗಂಧದ ಕಾವಲಿನ ಯಾರೂ ಮರೆತಿರಲಾರರು. ನೆರೆಯ ಸುಮನಹಳ್ಳಿಯ ವಿದ್ಯುತ್ ಚಿತಾಗಾರದ ಮುಂದೆ ಕೋವಿಡ್‌ನಿಂದ ಮಡಿದವರನ್ನು ಹೊತ್ತ ಆಂಬುಲೆನ್ಸ್‌ಗಳು ಗಂಟೆಗಟ್ಟಲೆ ಸಾಲುಗಟ್ಟಿ ನಿಲ್ಲುತ್ತಿದ್ದವು. ನಾವು ಬಾಗಿಲು ಹಾಕಿಕೊಂಡು ಮನೆಯೊಳಗಿದ್ದೆವು. ಆ ಚಾಲಕರಿಗೂ ಚಿತಾಗಾರದ ನೌಕರರಿಗೂ ಆ ಅವಕಾಶವಿರಲಿಲ್ಲ.

ಒಂದು ವರ್ಷದ ಬಳಿಕ ಅಂತಹ ಚಾಲಕರೊಬ್ಬರು ಆಮ್ಲಪಿತ್ತಕ್ಕೆ ಔಷಧ ಕೇಳಿಕೊಂಡು ನನ್ನಲ್ಲಿಗೆ ಬಂದರು. ನಿದ್ರೆಯ ಬಗ್ಗೆ ವಿಚಾರಿಸಿದಾಗ ಅವರ ಪತ್ನಿ ಹೇಳಿದರು: “ರಾತ್ರಿ ಎರಡು ಗಂಟೆಗೆ ಬೆವೆತು ಎದ್ದು ಕೂತ್ಕೋತಾರೆ ಡಾಕ್ಟ್ರೇ. ಸೈರನ್ ಕೇಳಿದ್ರೆ ಕೈ ನಡುಗುತ್ತೆ. ಮಕ್ಕಳ ಹತ್ರಾನೂ ಮಾತಿಲ್ಲ. ನಿದ್ದೆ ಬರ್ಲಿ ಅಂತ ಕುಡಿಯೋದನ್ನೂ ಕಲ್ತಿದ್ದಾರೆ.” ಚಾಲಕರು ತಲೆ ತಗ್ಗಿಸಿ, “ಗಂಡಸಾಗಿ ಇದನ್ನೆಲ್ಲ ಹೇಗೆ ಹೇಳ್ಕೊಳ್ಳೋದು ಸಾರ್?” ಎಂದರು.

ಇದು ಹೇಡಿತನವಲ್ಲ, ಗಾಯ. ಆಧುನಿಕ ವೈದ್ಯವು ಇದನ್ನು ಆಘಾತೋತ್ತರ ಒತ್ತಡದ ಕಾಯಿಲೆ ಎನ್ನುತ್ತದೆ. ಕಂಡ ದೃಶ್ಯ ಮತ್ತೆ ಮತ್ತೆ ಕಣ್ಣಿಗೆ ಕಟ್ಟುವುದು, ಅದನ್ನು ನೆನಪಿಸುವ ಸ್ಥಳ, ಮಾತುಗಳಿಂದ ದೂರ ಸರಿಯುವುದು, ಸಣ್ಣ ಸದ್ದಿಗೂ ಬೆಚ್ಚುವುದು, ಪ್ರೀತಿಪಾತ್ರರ ಬಗೆಗೂ ಭಾವ ಬತ್ತುವುದು ಇದರ ಲಕ್ಷಣಗಳು. ದುರಂತದ ಮೊದಲ ದಿನಗಳಲ್ಲಿ ಇವು ಸಹಜ. ಒಂದು ತಿಂಗಳು ಮೀರಿಯೂ ಉಳಿದು ಬದುಕನ್ನು ಕೆಡಿಸಿದರೆ ಚಿಕಿತ್ಸೆ ಅಗತ್ಯ. 2010ರ ಫೆಬ್ರವರಿ 23ರಂದು ಕಾರ್ಲ್‌ಟನ್ ಟವರ್ಸ್ ಕಟ್ಟಡದ ಬೆಂಕಿಗೆ 9 ಮಂದಿ ಬಲಿಯಾದರು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆ ಹೊತ್ತಿ ಉರಿಯಿತು. ನಮಗೆ ಅವು ಸುದ್ದಿ. ಅಗ್ನಿಶಾಮಕ ಸಿಬ್ಬಂದಿಗಾದರೋ ಒಂದರ ಮೇಲೊಂದು ಬೀಳುವ ಪೆಟ್ಟು.

“ಧೈರ್ಯ ತಂದುಕೋ, ಮರೆತುಬಿಡು” ಎಂಬುದು ನಮ್ಮ ಮನೆಗಳಲ್ಲಿ ಕೇಳಿಬರುವ ಉಪದೇಶ. ಚರಕಾಚಾರ್ಯರು ಮನೋರೋಗಕ್ಕೆ ಹೇಳಿದ ಔಷಧಗಳಲ್ಲಿ ಧೈರ್ಯದೊಡನೆ ಜ್ಞಾನವೂ ಇದೆ, ಸ್ಮೃತಿಯೂ ಇದೆ. ಮರೆವನ್ನು ಅವರು ಔಷಧವೆಂದಿಲ್ಲ. ಬ್ರಾಹ್ಮಿ, ಅಶ್ವಗಂಧ, ಶಿರೋಧಾರೆಗಳು ನಿದ್ರೆಗೆ ನೆರವಾಗಬಹುದು. ಆದರೆ ಈ ಕಾಯಿಲೆಗೆ ಅವಷ್ಟೇ ಸಾಲವು. ನೆನಪನ್ನು ಸುರಕ್ಷಿತವಾಗಿ ಎದುರಿಸಲು ಕಲಿಸುವ, ತರಬೇತಿ ಪಡೆದ ಮನಶ್ಶಾಸ್ತ್ರಜ್ಞರ ಆಪ್ತಸಮಾಲೋಚನೆಯೇ ಮುಖ್ಯ ಚಿಕಿತ್ಸೆ. ಆಯುರ್ವೇದ ವೈದ್ಯನಾಗಿ ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಆ ಚಾಲಕರನ್ನೂ ಮನೋವೈದ್ಯರಲ್ಲಿಗೆ ಕಳುಹಿಸಿದೆ. ಕೆಲವು ತಿಂಗಳಲ್ಲಿ ನಿದ್ರೆ ಮರಳಿತು, ಕುಡಿತ ನಿಂತಿತು. ಸೈರನ್ನಿಗೆ ಈಗಲೂ ಒಮ್ಮೊಮ್ಮೆ ಬೆಚ್ಚುತ್ತಾರೆ.

ಮನೆಯವರಲ್ಲಿ ಒಂದು ವಿನಂತಿ. ದುರಂತದ ದಿನವೇ “ಏನಾಯಿತು, ಎಲ್ಲವನ್ನೂ ಹೇಳು” ಎಂದು ಒತ್ತಾಯಿಸಬೇಡಿ. ಹಾಗೆ ಒಮ್ಮೆಲೇ ಹೇಳಿಸುವುದರಿಂದ ಕಾಯಿಲೆ ತಪ್ಪದೆಂದು ಸಂಶೋಧನೆಗಳು ತೋರಿಸಿವೆ. ಬಿಸಿ ಊಟ, ವಿಶ್ರಾಂತಿ ಕೊಡಿ, ಬಳಿಯಲ್ಲಿ ಕುಳಿತಿರಿ. ತಾವಾಗಿ ಮಾತನಾಡಿದಾಗ ತಡೆಯದೆ ಕೇಳಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಸಾಯುವ ಮಾತು ಬಂದರೆ ಅವರನ್ನು ಒಂಟಿಯಾಗಿ ಬಿಡದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

1944ರಲ್ಲಿ ಮುಂಬಯಿ ಬಂದರಿನ ಸ್ಫೋಟದಲ್ಲಿ ಮಡಿದ ಅಗ್ನಿಶಾಮಕರ ಸ್ಮರಣೆಗೆ ಪ್ರತಿವರ್ಷ ಏಪ್ರಿಲ್ 14ರಂದು ದೇಶ ತಲೆಬಾಗುತ್ತದೆ. ಅದು ಸರಿಯೇ. ಬದುಕುಳಿದು ಒಳಗೇ ಬೇಯುತ್ತಿರುವವರ ಗತಿಯೇನು? ದೇಹದ ತಪಾಸಣೆಯಂತೆ ಮನಸ್ಸಿನ ತಪಾಸಣೆಯೂ ನಿಯಮಿತವಾಗಬೇಕು. ಘೋರ ಘಟನೆಯ ಬಳಿಕ ಕಡ್ಡಾಯ ವಿಶ್ರಾಂತಿ ಸಿಗಬೇಕು. ಚಿಕಿತ್ಸೆ ಪಡೆದುದು ಬಡ್ತಿಗೆ ಅಡ್ಡಿಯಾಗದೆಂಬ ಭರವಸೆ ಬೇಕು. ಗುತ್ತಿಗೆಯ ಮೇಲೆ ದುಡಿಯುವ ಚಾಲಕರಿಗೂ ಚಿತಾಗಾರದ ನೌಕರರಿಗೂ ಇವೆಲ್ಲ ದೊರೆಯಬೇಕು.

ಕಾಯಕವನ್ನು ಪೂಜೆಯೆಂದು ಕಂಡ ಪರಂಪರೆ ನಮ್ಮದು. ಕಾಯಕ ಮಾಡಿದವನ ನೋವನ್ನು ಕೇಳುವುದೂ ದಾಸೋಹವೇ. ನಿಮ್ಮ ಬೀದಿಯಲ್ಲಿ ಅಂತಹವರೊಬ್ಬರಿದ್ದರೆ ಇಂದೇ ಹೋಗಿ ಮಾತನಾಡಿಸಿ.