ಕುರ್ಚಿ ಗಟ್ಟಿಯಿದ್ರೆ ಸಾಕಾ?

ಚಿತ್ರದುರ್ಗದ ಕಡೆ ಈರುಳ್ಳಿ ಬೆಳೆಯೋ ನಮ್ಮ ದೊಡ್ಡಪ್ಪ ನಾನು ಊರಿಗೆ ಹೋದಾಗಲೆಲ್ಲ ಹೇಳೋದು ಒಂದೇ ಮಾತು: "ನೋಡಪ್ಪಾ, ಸ್ಥಿರ ಸರ್ಕಾರ ಇಲ್ದಿದ್ರೆ ದೇಶ ಉದ್ಧಾರ ಆಗಲ್ಲ." ಆಫೀಸಿನ ಕ್ಯಾಂಟೀನಿನಲ್ಲಿ ನನ್ನ ಸಹೋದ್ಯೋಗಿಗಳು ಅದನ್ನೇ ಇಂಗ್ಲಿಷಿನಲ್ಲಿ ಹೇಳುತ್ತಾರೆ. ಇಬ್ಬರನ್ನೂ ಕೇಳುತ್ತೇನೆ: ಇದಕ್ಕೆ ಸಾಕ್ಷಿ ಎಲ್ಲಿದೆ?

1984ರಲ್ಲಿ ರಾಜೀವ್ ಗಾಂಧಿಯವರಿಗೆ ಲೋಕಸಭೆಯಲ್ಲಿ 400ಕ್ಕೂ ಹೆಚ್ಚು ಸೀಟು ಸಿಕ್ಕವು. ಅದಕ್ಕಿಂತ ಗಟ್ಟಿ ಸರ್ಕಾರ ಬೇಕಾ? ಸಾಲ ಮಾಡಿ ಖರ್ಚು ಮಾಡೋ ಚಾಳಿ ಬಲಿತಿದ್ದೂ ಆ ದಶಕದಲ್ಲೇ. ಕೊಲ್ಲಿ ಯುದ್ಧದಿಂದ ತೈಲದ ಬೆಲೆ ಏರಿದ್ದೇ ತಡ, 1991ರಲ್ಲಿ ದೇಶ ಚಿನ್ನ ಅಡವಿಡಬೇಕಾಯಿತು. ಆಗ ಲೈಸೆನ್ಸ್ ರಾಜ್ ಮುರಿದವರು ಯಾರು? ಬಹುಮತವೇ ಇಲ್ಲದೆ ಪ್ರಧಾನಿಯಾದ ನರಸಿಂಹರಾಯರು ಮತ್ತು ಅವರ ಹಣಕಾಸು ಸಚಿವ ಮನಮೋಹನ್ ಸಿಂಗ್. ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇ. 40ರಿಂದ 30ಕ್ಕೆ ಇಳಿಸುವ 1997ರ ಬಜೆಟ್ ಮಂಡಿಸಿದ್ದು ದೇವೇಗೌಡರ ಸಮ್ಮಿಶ್ರ ಸರ್ಕಾರ. ಅದು ಒಂದು ವರ್ಷವೂ ಬಾಳಲಿಲ್ಲ.

ನಮ್ಮ ರಾಜ್ಯವನ್ನೇ ನೋಡಿ. ನಾನು ಬಿಇ ಮುಗಿಸಿ ಬೆಂಗಳೂರಿನ ಬಸ್ಸು ಹತ್ತಿದ್ದು 2006ರಲ್ಲಿ. 2004ರಿಂದ 2013ರೊಳಗೆ ಧರ್ಮಸಿಂಗ್, ಕುಮಾರಸ್ವಾಮಿ, ಯಡಿಯೂರಪ್ಪ, ಸದಾನಂದಗೌಡ, ಶೆಟ್ಟರ್ ಎಲ್ಲರೂ ಮುಖ್ಯಮಂತ್ರಿಗಳಾದರು. ನಡುವೆ ಏಳು ದಿನದ ಸರ್ಕಾರವೂ ಬಂತು, ರಾಷ್ಟ್ರಪತಿ ಆಳ್ವಿಕೆಯೂ ಬಂತು. ಆದರೂ ಐಟಿ ಬೆಳೆಯಿತು, ನನ್ನಂಥ ಹಳ್ಳಿ ಹುಡುಗರಿಗೆ ಕೆಲಸ ಸಿಕ್ಕಿತು. ಯಾಕೆ? ಗಿರಾಕಿಗಳು ಹೊರದೇಶದಲ್ಲಿದ್ದರು. ಸಾಫ್ಟ್‌ವೇರ್ ರಫ್ತಿನ ತೆರಿಗೆ ವಿನಾಯಿತಿ ವಿಧಾನಸೌಧದಲ್ಲಿ ಯಾರು ಕೂತರೂ ಬದಲಾಗಲಿಲ್ಲ.

ಇನ್ನು 2016ರ ನವೆಂಬರ್ 8. ಪೂರ್ಣ ಬಹುಮತದ ಸರ್ಕಾರವೇ ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯದಲ್ಲಿ ಸುಮಾರು ಶೇ. 86ರಷ್ಟನ್ನು ಒಂದೇ ರಾತ್ರಿಯಲ್ಲಿ ರದ್ದು ಮಾಡಿತು. ಈರುಳ್ಳಿ ಕಿತ್ತ ಕೂಲಿಯವರಿಗೆ ಕೊಡಲು ದೊಡ್ಡಪ್ಪನ ಕೈಲಿ ನಡೆಯೋ ನೋಟೇ ಇರಲಿಲ್ಲ. ಸರ್ಕಾರ ಅಲ್ಲಾಡಲಿಲ್ಲ, ನಮ್ಮೂರ ಸಂತೆ ಅಲ್ಲಾಡಿತು.

ಹಾಗಂತ ಆರು ತಿಂಗಳಿಗೊಂದು ಸರ್ಕಾರ ಬೀಳಲಿ ಅಂತಿಲ್ಲ. ಮೇಲಿನವರು ಬದಲಾದಾಗ ನಮ್ಮೂರ ಕೆರೆ ಏರಿ ದುರಸ್ತಿಯ ಫೈಲು ಮತ್ತೆ ಮೊದಲಿಂದ ಶುರುವಾಗಿದ್ದನ್ನು ನೋಡಿದ್ದೇನೆ. ಆದರೆ ಅದಕ್ಕೆ ಮದ್ದು ಶಾಸಕರನ್ನು ರೆಸಾರ್ಟಿಗೆ ಸಾಗಿಸಿ ಖರೀದಿ ಮಾಡೋದಾ? ಹಾಗೆ ಹಾಕಿದ ದುಡ್ಡನ್ನು ನಮ್ಮ ರಸ್ತೆ, ಚರಂಡಿಯ ಟೆಂಡರಿನಲ್ಲೇ ವಾಪಸ್ ಎತ್ತುತ್ತಾರೆ. ಅದಕ್ಕೂ 'ಸ್ಥಿರತೆ' ಅಂತಲೇ ಹೆಸರು!

ಹ್ಯಾಂಗ್ ಆದ ಸರ್ವರ್ ಕೂಡ ಆನ್ ಆಗೇ ಇರುತ್ತೆ. ಅದು ಎಷ್ಟು ದಿನದಿಂದ ಆನ್ ಇದೆ ಅಂತ ಯಾವ ಇಂಜಿನಿಯರೂ ಹೆಮ್ಮೆ ಪಡಲ್ಲ. ಬಂಡವಾಳ ಹಾಕೋ ಕಂಪನಿಗಾಗಲಿ, ಬೀಜ ಹಾಕೋ ರೈತನಿಗಾಗಲಿ, ಇವತ್ತಿನ ನಿಯಮ ನಾಳೆಯೂ ಇರುತ್ತೆ ಅನ್ನೋ ನಂಬಿಕೆ ಬೇಕು.

ಅದಕ್ಕೇ ದೊಡ್ಡಪ್ಪಾ, ಮುಂದಿನ ಸಲ ಯಾರಾದ್ರೂ ಬಂದು "ಸ್ಥಿರ ಸರ್ಕಾರ ಕೊಡ್ತೀವಿ, ಓಟು ಹಾಕಿ" ಅಂದ್ರೆ ಒಂದೇ ಪ್ರಶ್ನೆ ಕೇಳಿ: "ಬೆಳೆ ಕೈಗೆ ಬರೋ ಹೊತ್ತಿಗೆ ದಿಢೀರಂತ ಈರುಳ್ಳಿ ರಫ್ತು ನಿಲ್ಲಿಸಲ್ಲ ಅಂತ ಬರೆದುಕೊಡ್ತೀರಾ?"